ವಜಾ ಆದ ಕಾರ್ಮಿಕನಿಗೆ ಕೋರ್ಟಿನ ಬಾಗಿಲು ತೆರೆದ ಬಗೆ

ಕೈಗಾರಿಕಾ ವಿವಾದಗಳ ಕಾಯ್ದೆ 1947ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಕಾರ್ಮಿಕರಿಗೆ ನ್ಯಾಯಮಂಡಳಿಯೇನೋ ಸಿಕ್ಕಿತು. ಅದರ ಬೀಗದ ಕೈ ಮಾತ್ರ ಸರ್ಕಾರದ ಬಳಿಯೇ ಉಳಿಯಿತು. ಸಂಬಳವಿರಲಿ, ಬೋನಸ್ಸಿರಲಿ, ತಕರಾರು ಸಂಧಾನಾಧಿಕಾರಿಯ ಮುಂದೆ ಬಗೆಹರಿಯದಿದ್ದರೆ ಅವರು ವಿಫಲ ವರದಿ ಕಳಿಸಬೇಕಿತ್ತು, ಅದನ್ನು ನೋಡಿದ ಸರ್ಕಾರ 10ನೇ ಸೆಕ್ಷನ್ನಿನಡಿ ವಿವಾದವನ್ನು ಮಂಡಳಿಗೆ ಒಪ್ಪಿಸಬೇಕಿತ್ತು. ವಕೀಲರ ಬಾಯಲ್ಲಿ ಇದರ ಹೆಸರು ‘ರೆಫರೆನ್ಸ್’. ಸರ್ಕಾರ ಒಪ್ಪಿಸದಿದ್ದರೆ ಹೈಕೋರ್ಟಿಗೆ ರಿಟ್ ಹಾಕಬೇಕಿತ್ತು. ಕೆಲಸ ಕಳೆದುಕೊಂಡವನಿಗೆ ಅದು ಎಟುಕುವ ಮಾತಾಗಿತ್ತೇ?

ಒಂಟಿ ಕಾರ್ಮಿಕನ ಪಾಡು ಇನ್ನೂ ಕಷ್ಟದ್ದಾಗಿತ್ತು. ಯೂನಿಯನ್ನೋ ಗಣನೀಯ ಸಂಖ್ಯೆಯ ಸಹೋದ್ಯೋಗಿಗಳೋ ಬೆನ್ನಿಗೆ ನಿಂತರಷ್ಟೇ ಒಬ್ಬನ ವಜಾ ‘ಕೈಗಾರಿಕಾ ವಿವಾದ’ ಎನಿಸಿಕೊಳ್ಳುತ್ತಿತ್ತು. ಏಳು ಜನ ಸೇರಿ ಸಂಘ ನೋಂದಾಯಿಸಲು 1926ರ ಟ್ರೇಡ್ ಯೂನಿಯನ್ ಕಾಯ್ದೆ ಅವಕಾಶ ಕೊಟ್ಟಿತ್ತಾದರೂ ಎಲ್ಲ ಕಾರ್ಖಾನೆಗಳಲ್ಲೂ ಸಂಘಗಳಿರಲಿಲ್ಲ. ಇದ್ದಲ್ಲೂ, ಮುಖಂಡರೊಡನೆ ಮಾತು ಬಿಟ್ಟವನ ಕೇಸನ್ನು ಎತ್ತಿಕೊಳ್ಳುವವರು ಯಾರು? 1965ರಲ್ಲಿ ಸೇರಿದ 2ಎ ಸೆಕ್ಷನ್ ಈ ಕೊರತೆಯನ್ನು ನೀಗಿತು, ಆದರೆ ರೆಫರೆನ್ಸಿನ ಗೋಡೆ ಹಾಗೆಯೇ ನಿಂತಿತ್ತು.

ಕರ್ನಾಟಕ ಅದರಲ್ಲೊಂದು ಕಿಂಡಿ ಕೊರೆಯಿತು. 1988ರ ರಾಜ್ಯ ತಿದ್ದುಪಡಿಯು 10(4ಎ) ಎಂಬ ಉಪಸೆಕ್ಷನ್ ಸೇರಿಸಿ, ವಜಾ ಆದವನು ಆದೇಶ ಕೈಸೇರಿದ ಆರು ತಿಂಗಳೊಳಗೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಲು ಅವಕಾಶ ಮಾಡಿಕೊಟ್ಟಿತು. ಇಲ್ಲಿನ ಕಾರ್ಮಿಕ ಕಾನೂನಿನ ಅತ್ಯುಪಯುಕ್ತ ಸಾಲು ಇದೇ ಆಗಿತ್ತು ಎಂಬುದು ನನ್ನ ಎಣಿಕೆ. ಸಂಧಾನದಲ್ಲಿ ಏನಾಗುತ್ತದೆಂದು ಬಲ್ಲವರಿಗೆ ಇದರ ಬೆಲೆ ಗೊತ್ತು: ಆಡಳಿತವರ್ಗದ ಪ್ರತಿನಿಧಿ ಕಾಲಾವಕಾಶ ಕೇಳುತ್ತಾನೆ, ಅಧಿಕಾರಿ ಕಡತದಲ್ಲಿ ಮುಂದಿನ ವಾಯಿದೆ ಬರೆಯುತ್ತಾರೆ, ಕಾರ್ಮಿಕ ಸಹಿ ಹಾಕಿ ಬಸ್ ಹಿಡಿಯುತ್ತಾನೆ. ಕಾಯ್ದೆ ಸಂಧಾನಕ್ಕೆ ಕೊಟ್ಟದ್ದು 14 ದಿನ.

ಕೇಂದ್ರ ಈ ದಾರಿಗೆ ಬಂದದ್ದು 2010ರಲ್ಲಿ. ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದರೆ ನೇರವಾಗಿ ಹೋಗಬಹುದು, ವಜಾ ಆದ ಮೂರು ವರ್ಷದೊಳಗೆ ಹೋಗಬೇಕು ಎಂದಿತು. 2025ರ ನವೆಂಬರ್ 21ರಂದು 1947ರ ಕಾಯ್ದೆಯ ಬದಲಿಗೆ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆ ಸಾಮೂಹಿಕ ವಿವಾದಗಳಲ್ಲೂ ರೆಫರೆನ್ಸಿನ ಅಗತ್ಯವನ್ನು ತೆಗೆದುಹಾಕಿತು. ಸಂಧಾನ ಮುರಿದರೆ ಎರಡೂ ಕಡೆಯವರು 90 ದಿನಗಳೊಳಗೆ ತಾವೇ ನ್ಯಾಯಮಂಡಳಿಗೆ ಹೋಗಬಹುದು. ವಜಾ ಆದವನ ಗಡುವು ಮಾತ್ರ ಮೂರರಿಂದ ಎರಡು ವರ್ಷಕ್ಕೆ ಇಳಿದಿದೆ. 45 ದಿನದ ಲೆಕ್ಕ ಉಳಿದಿರುವುದರಿಂದ, ಅರ್ಜಿಯ ಪ್ರತಿಯ ಮೇಲೆ ದಿನಾಂಕವಿರುವ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬಾರದು.