ಹಾಡು ಹಿಡಿದ ಕೋಣೆಗಳು

1925ಕ್ಕಿಂತ ಹಿಂದಿನ ಗ್ರಾಮಫೋನ್ ಪ್ಲೇಟುಗಳನ್ನು ಮಾಡುವಾಗ ಮೈಕ್ ಇರಲಿಲ್ಲ. ಹಾಡುಗಾರರು ದೊಡ್ಡ ಕಹಳೆಯ ಬಾಯಿಗೆ ಮುಖ ಕೊಟ್ಟು ಹಾಡುತ್ತಿದ್ದರು. ಕಹಳೆಯ ಸಣ್ಣ ತುದಿಯಲ್ಲಿ ತೆಳುವಾದ ಪೊರೆ ನಡುಗುತ್ತಿತ್ತು. ಅದಕ್ಕೆ ಸೇರಿಸಿದ ಸೂಜಿ, ತಿರುಗುವ ಮೇಣದ ಮೇಲೆ ಗೀರು ಕೊರೆಯುತ್ತಿತ್ತು. ಕೊರೆಯುವ ಬಲವೆಲ್ಲ ಬರಬೇಕಾದದ್ದು ಗಾಳಿಯ ನಡುಕದಿಂದಲೇ. ಹಾಗಾಗಿ ಗೋಡೆ, ಪರದೆ, ನೆಲ ಎಲ್ಲವೂ ಲೆಕ್ಕಕ್ಕೆ ಬರುತ್ತಿದ್ದವು. ಕೋಣೆಯೂ ಯಂತ್ರದ ಒಂದು ಭಾಗವೇ.

ಅದಕ್ಕೇ ಆ ಕಾಲದ ಕಟ್ಟಡಗಳು ಉಳಿದಿವೆ ಅಂದರೆ ನನಗೆ ಅಷ್ಟು ಖುಷಿ. ಅಮೆರಿಕದ ವೆಸ್ಟ್ ಆರೆಂಜ್‌ನಲ್ಲಿ ಎಡಿಸನ್ 1887ರಲ್ಲಿ ಕಟ್ಟಿಸಿದ ಪ್ರಯೋಗಾಲಯ ಇವತ್ತಿಗೂ ಇದೆ. ಅದರ ಮೂರನೇ ಮಹಡಿಯ ಸಂಗೀತದ ಕೋಣೆಯನ್ನೂ ಕಾಪಾಡಿದ್ದಾರೆ. ಅದೇ ದೇಶದ ಕ್ಯಾಮ್ಡೆನ್‌ನಲ್ಲಿ ಗ್ರಾಮಫೋನ್ ಪ್ಲೇಟು ಮಾಡುತ್ತಿದ್ದ ವಿಕ್ಟರ್ ಕಂಪನಿಯ ಕಟ್ಟಡದ ಗೋಪುರದಲ್ಲಿ ಕಹಳೆಗೆ ಕಿವಿಗೊಟ್ಟ ನಾಯಿಯ ಬಣ್ಣದ ಗಾಜು ಕಾಣುತ್ತದೆ. ಒಳಗೆ ಈಗ ಫ್ಲ್ಯಾಟುಗಳು. ಕೆಡವುವುದಕ್ಕಿಂತ ಎಷ್ಟೋ ಮೇಲು, ಅಲ್ವಾ?

ಅಮೆರಿಕದ್ದೇ ರಿಚ್‌ಮಂಡ್‌ನ ಗೆನೆಟ್ ಸ್ಟುಡಿಯೋಗೆ ಆ ಅದೃಷ್ಟ ಇರಲಿಲ್ಲ. ಅದು ಪಿಯಾನೋ ಕಾರ್ಖಾನೆಯ ಅಂಗಳದಲ್ಲಿ, ರೈಲು ಹಳಿಯ ಪಕ್ಕ ಇತ್ತು. ರೈಲು ಬಂದರೆ ಕೆಲಸ ನಿಲ್ಲುತ್ತಿತ್ತು. 1923ರಲ್ಲಿ ಕಿಂಗ್ ಆಲಿವರ್ ಅವರ ಜಾಝ್ ತಂಡ ಅಲ್ಲಿ ನುಡಿಸಿದಾಗ, ಲೂಯಿ ಆರ್ಮ್‌ಸ್ಟ್ರಾಂಗ್ ಅವರ ತುತ್ತೂರಿ ಬಹಳ ಜೋರಾಗಿತ್ತಂತೆ. ಅವರನ್ನು ಕಹಳೆಯಿಂದ ದೂರ ನಿಲ್ಲಿಸಿದರು ಎಂದು ತಂಡದ ಲಿಲ್ ಹಾರ್ಡಿನ್ ನೆನಪಿಸಿಕೊಂಡಿದ್ದಾರೆ. ಸದ್ದನ್ನು ಹದ ಮಾಡಲು ಆಗ ಇದ್ದ ಮುಖ್ಯ ದಾರಿ ಇದೇ: ಜನರನ್ನು ಹಿಂದೆ ಮುಂದೆ ಸರಿಸುವುದು. ಕಾರ್ಖಾನೆಯ ಒಂದು ಭಾಗ ಇನ್ನೂ ನಿಂತಿದೆ. ಆ ಕೋಣೆ ಮಾತ್ರ ಇಲ್ಲ.

ನಮ್ಮ ದೇಶದಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ, ಕಲ್ಕತ್ತೆಯ ಹೋಟೆಲ್ ಕೋಣೆಯಲ್ಲಿ. ಮೇಣದ ಅಚ್ಚುಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಪ್ಲೇಟುಗಳಾಗಿ ಮರಳಿದವು.

ಕೊಡಗಿನಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಊರೂರಿನ ಹಾಡುಗಳನ್ನು ಬರೆದುಕೊಂಡು 1924ರಲ್ಲಿ ಅಚ್ಚು ಹಾಕಿಸಿದರು. ಹಾಡಿನ ಮಾತುಗಳು ಹಾಗೆ ಉಳಿದವು. ದುಡಿ ಎಂಬ ಪುಟ್ಟ ವಾದ್ಯ ಬಡಿದು ಹಾಡುವಾಗ ಐನ್‌ಮನೆ, ಅಂದರೆ ಕೊಡವ ಕುಟುಂಬದ ಹಿರಿಮನೆ, ಕೊಡುವ ಮಾರ್ದನಿ ಪುಸ್ತಕದಲ್ಲಿ ಸಿಗುವುದಿಲ್ಲ. ಅದು ಮನೆಯಲ್ಲೇ ಇದೆ, ಮನೆ ನಿಂತಿರುವಷ್ಟು ದಿನ.

ಮಾರ್ದನಿಯನ್ನು ಅಳೆಯುವ ದಾರಿಯನ್ನು ಹಾರ್ವರ್ಡ್‌ನ ಭೌತವಿಜ್ಞಾನಿ ವಾಲೇಸ್ ಸಬೀನ್ 1890ರ ದಶಕದಲ್ಲೇ ತೋರಿಸಿದರು. ಸದ್ದು ನಿಂತ ಮೇಲೆ ಅದರ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಎಷ್ಟು ಹೊತ್ತು ಬೇಕು? ಕೋಣೆ ದೊಡ್ಡದಾದಷ್ಟೂ ಜಾಸ್ತಿ. ಸದ್ದು ಹೀರುವ ವಸ್ತು ಹೆಚ್ಚಾದಷ್ಟೂ ಕಮ್ಮಿ. ಹೀರುವಿಕೆಗೆ ಅವರು ಇಟ್ಟುಕೊಂಡ ಅಳತೆಗೋಲು ತೆರೆದ ಕಿಟಕಿ. ಅದರಿಂದ ಹೊರಗೆ ಹೋದ ಸದ್ದು ವಾಪಸ್ ಬರುವುದಿಲ್ಲ. ನಡುವೆ ಆಕಾಶಕ್ಕೆ ತೆರೆದ ಅಂಗಳ ಇರುವ ಐನ್‌ಮನೆಯನ್ನು ಈ ಲೆಕ್ಕದಲ್ಲಿ ನೋಡಿ. ಅಂಗಳವೇ ಒಂದು ದೊಡ್ಡ ಕಿಟಕಿ!

ಈಗ ಬಲೂನು ಒಡೆದು, ಆ ಸದ್ದು ಆರುವುದನ್ನು ಒಳ್ಳೆಯ ಮೈಕಿನಲ್ಲಿ ಹಿಡಿದರೆ ಸಾಕು. ಬೇರೆಲ್ಲೋ ಹಾಡಿದ ಹಾಡಿಗೂ ಕಂಪ್ಯೂಟರಿನಲ್ಲಿ ಆ ಮನೆಯ ಮಾರ್ದನಿ ಸೇರಿಸಬಹುದು. ಮಳೆಗಾಲದಲ್ಲಿ ಹೆಂಚಿನ ಸದ್ದಿಗೆ ಏನೂ ಕೇಳದು. ಸುಗ್ಗಿಯ ಹಬ್ಬವಾದ ಪುತ್ತರಿ ಹೊತ್ತಿಗೆ ಮಾಡಬಹುದು, ಒಕ್ಕದವರೆಲ್ಲ, ಅಂದರೆ ಇಡೀ ಕುಟುಂಬದವರು, ಹೇಗೂ ಸೇರಿರುತ್ತಾರೆ. ಮನೆ ಖಾಲಿ ಇದ್ದಾಗ ಒಮ್ಮೆ, ಜನ ತುಂಬಿದಾಗ ಇನ್ನೊಮ್ಮೆ ಅಳೆಯಬೇಕು. ಮೈ, ಬಟ್ಟೆ ಎರಡೂ ಸದ್ದು ಹೀರುತ್ತವೆ, ಮತ್ತೆ ಹಾಡು ನಡೆದದ್ದು ತುಂಬಿದ ಮನೆಯಲ್ಲೇ.