ಮ್ಯಾಟ್ ದಪ್ಪವಿದ್ದರೆ ಮಣಿಕಟ್ಟಿಗೆ ಸುಖವೇ?

ನನ್ನ ಯೋಗ ತರಗತಿಗೆ ಹೊಸದಾಗಿ ಸೇರಿದ ಒಬ್ಬರು ಎರಡನೇ ವಾರಕ್ಕೇ ಮಣಿಕಟ್ಟು ನೋವೆಂದು ಹೇಳಿದರು. ಅಭ್ಯಾಸವನ್ನೇ ಬಿಡಬೇಕಾಗುತ್ತದೇನೋ ಎಂಬ ಆತಂಕ ಅವರದು. ಅಂಗೈ ಮತ್ತು ಕಾಲ್ಬೆರಳುಗಳ ಮೇಲೆ ದೇಹವನ್ನು ಹಲಗೆಯಂತೆ ನೇರವಾಗಿ ಹಿಡಿಯುವ ಫಲಕಾಸನದಲ್ಲಿ ನಿಲ್ಲಲು ಹೇಳಿ, ಪಕ್ಕದಲ್ಲಿ ಕುಳಿತು ಕೈಯನ್ನೇ ಗಮನಿಸಿದೆ. ಅಂಗೈಯ ಬುಡ ಮ್ಯಾಟ್‌ನೊಳಗೆ ಹೂತುಹೋಗಿತ್ತು, ಬೆರಳುಗಳು ಮೇಲೆಯೇ ಉಳಿದಿದ್ದವು. ಮ್ಯಾಟ್‌ನ ದಪ್ಪ 12 ಮಿಲಿಮೀಟರ್. ಅದನ್ನು ಸುತ್ತಿಟ್ಟು ಬರಿನೆಲದ ಮೇಲೆ ಅದೇ ಆಸನ ಮಾಡಿಸಿದೆ. "ಮೇಡಂ, ಈಗ ಅಷ್ಟು ನೋಯುತ್ತಿಲ್ಲ" ಎಂದರು.

ಮೆತ್ತಗಿದ್ದಷ್ಟೂ ಒಳ್ಳೆಯದು ಎಂದುಕೊಂಡು ಬರುವವರನ್ನು ನಾನು ಪ್ರತಿ ಹೊಸ ತಂಡದಲ್ಲೂ ಕಾಣುತ್ತೇನೆ. ಹಾಸಿಗೆಗೆ ಆ ಮಾತು ಸರಿಯಿರಬಹುದು, ಆಸನಕ್ಕಲ್ಲ. ಫಲಕಾಸನದಲ್ಲಿ ಮಣಿಕಟ್ಟು ಹೇಗೂ ಸುಮಾರು 90 ಡಿಗ್ರಿ ಹಿಂದಕ್ಕೆ ಬಾಗಿರುತ್ತದೆ. ಭಾರ ಹೆಚ್ಚಾಗಿ ಬೀಳುವುದು ಅಂಗೈಯ ಬುಡದ ಮೇಲೆ. ಆ ಭಾಗ ಕೆಳಗಿಳಿದಂತೆ ಕೀಲು ಇನ್ನಷ್ಟು ಬಾಗಲೇಬೇಕಾಗುತ್ತದೆ. ಒಂಟಿ ಕಾಲಿನ ಮೇಲೆ ನಿಲ್ಲುವ ವೃಕ್ಷಾಸನದಲ್ಲಿಯೂ ಇದೇ ಕಥೆ: ಪಾದದಡಿಯ ನೆಲ ಗಟ್ಟಿಯಾಗಿ ಸಿಗದೆ ಕಣಕಾಲು ಅತ್ತಿತ್ತ ಹೊಯ್ದಾಡುತ್ತದೆ. ಅಭ್ಯಾಸಿ ಮಾತ್ರ ತನಗೆ ಸಮತೋಲನವೇ ಬರುವುದಿಲ್ಲ ಎಂದು ಕುಗ್ಗುತ್ತಾರೆ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹೆಚ್ಚಿನವರಿಗೆ ನಾನು ಹೇಳುವುದು 4ರಿಂದ 5 ಮಿಲಿಮೀಟರ್. ಮಂಡಿಯೂರಿದಾಗ ನೋಯುವವರು 6ರವರೆಗೆ ಹೋಗಬಹುದು. ಆದರೆ ಮಂಡಿಯೂರಿ ಹಿಂದಕ್ಕೆ ಬಾಗುವ ಉಷ್ಟ್ರಾಸನದಲ್ಲಿ ಮಂಡಿಗೆ ಮಾತ್ರ ಒಂದು ಕಂಬಳಿ ಮಡಚಿ ಹಾಕಿಕೊಳ್ಳುವುದು ಅದಕ್ಕಿಂತ ಒಳ್ಳೆಯ ಉಪಾಯ. ಮೆತ್ತನೆಯದು ಬೇಕಾದ ಕಡೆಯಷ್ಟೇ ಮೆತ್ತಗಿರಲಿ. 10 ಮಿಲಿಮೀಟರ್ ಮೀರಿದ ಫೋಮ್ ಹಾಸುಗಳು ಮಲಗಿ ಮಾಡುವ ವ್ಯಾಯಾಮಕ್ಕೆ ಚೆನ್ನಾಗಿ ಒದಗುತ್ತವೆ. ಒಂದೂವರೆ, ಎರಡು ಮಿಲಿಮೀಟರಿನವು ಪ್ರಯಾಣಕ್ಕೆ.

ದಪ್ಪದಷ್ಟೇ ಮುಖ್ಯವಾದದ್ದು ಹಿಡಿತ. ಕೊಳ್ಳುವಾಗ ಬೆರಳಿನಿಂದ ಸವರಿ ನೋಡಿದರೆ ಏನೂ ತಿಳಿಯುವುದಿಲ್ಲ. ನೆಲದ ಮೇಲೆ ಹಾಸಿ, ಕೈಕಾಲು ಊರಿ ಸೊಂಟವನ್ನು ಮೇಲೆತ್ತುವ ಅಧೋಮುಖ ಶ್ವಾನಾಸನದಲ್ಲಿ ಐದಾರು ಉಸಿರು ನಿಲ್ಲಿ. ಅಂಗೈ ಮುಂದಕ್ಕೆ ಜಾರುತ್ತದೆಯೇ, ಮ್ಯಾಟ್ ನೆಲದ ಮೇಲೆ ಸರಿಯುತ್ತದೆಯೇ, ಎರಡನ್ನೂ ನೋಡಿ. ಆಮೇಲೆ ಅಂಗೈಯನ್ನು ತುಸು ಒದ್ದೆ ಮಾಡಿಕೊಂಡು ಮತ್ತೊಮ್ಮೆ ನಿಲ್ಲಿ. ಬೆವರುವ ಕೈಯವರಿಗೆ ಈ ಎರಡನೆಯ ಪರೀಕ್ಷೆಯೇ ನಿರ್ಣಾಯಕ. ಕೈಗೆ ಎಣ್ಣೆ ಅಥವಾ ಕ್ರೀಮ್ ಹಚ್ಚಿಕೊಂಡಿದ್ದರೆ ಎಂಥ ಮ್ಯಾಟ್ ಆದರೂ ಜಾರುತ್ತದೆ, ಮೊದಲು ತೊಳೆದುಕೊಳ್ಳಿ.

ಯಾವುದರಿಂದ ಮಾಡಿದ್ದು ಎಂಬುದರ ಮೇಲೆ ಹಿಡಿತ ನಿಂತಿದೆ. ಪಿವಿಸಿ ಎಂಬ ಪ್ಲಾಸ್ಟಿಕ್ ಬೆವರನ್ನು ಹೀರದು, ಒರೆಸುವುದು ಸುಲಭ, ಬಹುಕಾಲ ಬಾಳುತ್ತದೆ. ಬೆವರು ಮಾತ್ರ ಮೇಲೆಯೇ ನಿಂತು ಜಾರಿಸುತ್ತದೆ. ಹೊಸ ಪಿವಿಸಿ ಮ್ಯಾಟ್ ಮೊದಲ ದಿನಗಳಲ್ಲಿ ನುಣುಪಾಗಿರುವುದು ಸಹಜ, ಬಳಸುತ್ತ ಹಿಡಿತ ಬರುತ್ತದೆ. ಟಿಪಿಇ ಎಂಬ ರಬ್ಬರಿನಂಥ ಪ್ಲಾಸ್ಟಿಕ್ ಹಗುರ, ಆದರೆ ಬೇಗ ಸವೆಯುತ್ತದೆ. ನನ್ನ ಮೆಚ್ಚಿಗೆ ನೈಸರ್ಗಿಕ ರಬ್ಬರಿಗೆ. ಅದರ ಮೇಲೆ ಕೈ ಊರಿದರೆ ಅಲ್ಲಿಯೇ ನಿಲ್ಲುತ್ತದೆ. ಆದರೆ ಎರಡೂವರೆ ಕಿಲೋಗ್ರಾಂ ತೂಗುವವೂ ಇವೆ, ದಿನವೂ ಹೊತ್ತು ನಡೆಯುವವರು ಯೋಚಿಸಬೇಕು. ಹೊಸದರಲ್ಲಿ ವಾಸನೆಯೂ ಇರುತ್ತದೆ. ಲ್ಯಾಟೆಕ್ಸ್, ಅಂದರೆ ರಬ್ಬರ್ ಹಾಲಿನ, ಅಲರ್ಜಿ ಇರುವವರು ಅದನ್ನು ಮುಟ್ಟಲೇಬಾರದು. ಕಾರ್ಕ್ ಹೊದಿಕೆಯದಾದರೆ ಒಣಗಿದ್ದಾಗ ಜಾರಿದಂತೆನಿಸಿದರೂ ತೇವ ತಾಗಿದಾಗ ಹಿಡಿತ ಹೆಚ್ಚುತ್ತದೆ. ಹತ್ತಿಯ ಹಾಸಿನ ಗುಣವೂ ಹಾಗೆಯೇ.

ಉದ್ದದ ಮಾತು ಚಿಕ್ಕದು. ಸಾಮಾನ್ಯ ಮ್ಯಾಟ್ 173 ಸೆಂಟಿಮೀಟರ್ ಉದ್ದ, 61 ಸೆಂಟಿಮೀಟರ್ ಅಗಲ ಇರುತ್ತದೆ. ಶವಾಸನದಲ್ಲಿ ಮಲಗಿದಾಗ ತಲೆಯೋ ಹಿಮ್ಮಡಿಯೋ ನೆಲಕ್ಕೆ ತಾಗುವಂತಿದ್ದರೆ 183ರದ್ದನ್ನು ಕೇಳಿ. ಎತ್ತರದವರು ಚಿಕ್ಕ ಮ್ಯಾಟ್‌ನೊಳಗೇ ಉಳಿಯಲು ಕೈಕಾಲುಗಳ ಅಂತರವನ್ನೇ ಕುಗ್ಗಿಸಿಕೊಳ್ಳುವುದನ್ನು ನೋಡಿದ್ದೇನೆ. ಅದರಿಂದ ಆಸನದ ಆಕಾರವೇ ಕೆಡುತ್ತದೆ.

ತೊಳೆದ ಮೇಲೆ ನೆರಳಿನಲ್ಲಿ ಒಣಗಿಸಿ. ರಬ್ಬರ್ ಬಿಸಿಲಿಗೆ ಬಿರುಕು ಬಿಡುತ್ತದೆ. ಆಗಾಗ ಮ್ಯಾಟನ್ನು ಬೆಳಕಿಗೆ ಹಿಡಿದು ನೋಡಿ: ಅಂಗೈ ಊರುವ ಜಾಗ ತೆಳುವಾಗಿದ್ದರೆ ಅಥವಾ ಪುಡಿ ಉದುರುತ್ತಿದ್ದರೆ ಹೊಸದು ಕೊಳ್ಳುವ ಹೊತ್ತು ಬಂದಿದೆ. ಹಳೆಯದನ್ನು ಕತ್ತರಿಸಿಟ್ಟುಕೊಂಡರೆ ಮಂಡಿಯಡಿಗೆ ಹಾಕಿಕೊಳ್ಳಲು ಬರುತ್ತದೆ.