ಪೀರ್ ಬೇರೆ, ಅಂಪೈರ್ ಬೇರೆ

ಮೊನ್ನೆ ವಾಟ್ಸಾಪಿಗೆ 'ಲೇಖನ ಕಳಿಸಿ' ಎಂಬ ಮತ್ತೊಂದು ಕರೆ ಬಂತು. 'ಪೀರ್ ರಿವ್ಯೂಡ್ ಜರ್ನಲ್, ಐಎಸ್‌ಎಸ್‌ಎನ್ ಇದೆ, ಮೂರೇ ದಿನದಲ್ಲಿ ಪ್ರಕಟಣೆ.' ಮೂರು ದಿನದಲ್ಲಿ ಅದನ್ನು ಓದುವವರು ಯಾರು, ತಿದ್ದುವವರು ಯಾರು? ಅದೇ ಸಂಜೆ ಒಂದು ಆರೋಗ್ಯ ಸುದ್ದಿಯಲ್ಲಿ 'ಪೀರ್ ರಿವ್ಯೂ ಆಗಿರುವುದರಿಂದ ಇದು ಸಾಬೀತಾದ ಸತ್ಯ' ಅಂತ ಬರೆದಿದ್ದರು. ಪೀರ್ ರಿವ್ಯೂ ಅಂದರೆ ಸಂಶೋಧನಾ ಲೇಖನವನ್ನು ಪ್ರಕಟಿಸುವ ಮೊದಲು ಅದೇ ಕ್ಷೇತ್ರದವರು ಓದಿ ನೋಡುವುದು. ಈ ಪದವನ್ನು ಹೀಗೆ ಬಳಸುವುದು ನಿಜಕ್ಕೂ ಜಾಸ್ತಿಯಾಯಿತು.

ಪೀರ್ ಬಂದದ್ದು ಲ್ಯಾಟಿನ್ನಿನ 'ಪಾರ್' ಎಂಬ ಪದದಿಂದ. ಪಾರ್ ಎಂದರೆ ಸಮ. ಗಾಲ್ಫಿನ ಪಾರ್, ಜೋಡಿ ಎನ್ನುವ ಪೇರ್, ಎಲ್ಲ ಅದರದೇ ಮಕ್ಕಳು. ಇನ್ನೊಂದು ಮಗು ಅಂಪೈರ್! ಹಳೆಯ ಫ್ರೆಂಚಿನಲ್ಲಿ 'ನಾನ್‌ಪೆರ್' ಅಂದರೆ ಸಮನಲ್ಲದವನು, ಇಬ್ಬರ ಜಗಳದಲ್ಲಿ ಯಾವ ಜೋಡಿಗೂ ಸೇರದ ಮೂರನೆಯವನು. ಅದು ಇಂಗ್ಲಿಷಿಗೆ ಬಂದು 'ಎ ನೌಂಪೇರ್' ಆಯಿತು. ಜನರ ಬಾಯಲ್ಲಿ ಅದು 'ಆ್ಯನ್ ಔಂಪೇರ್' ಎಂದು ಒಡೆಯಿತು, ಮೊದಲಿನ ನಕಾರ ಹೊರಟುಹೋಯಿತು. ಅಲ್ಲಿಗೆ ಬೇರು ಒಂದೇ ಆದರೂ ಅರ್ಥ ಎದುರುಬದುರು. ಒಬ್ಬ ಸಮ, ಇನ್ನೊಬ್ಬ ಸಮನಲ್ಲದವನು.

ನಮ್ಮ ಗೊಂದಲವೂ ಇಲ್ಲೇ ಇದೆ. ಪೀರ್‌ಗಳನ್ನು ನಾವು ಅಂಪೈರ್ ಎಂದುಕೊಂಡಿದ್ದೇವೆ. ಅವರು ತೀರ್ಪು ಕೊಡುವುದಿಲ್ಲ. ಅದೇ ಕೆಲಸ ಬಲ್ಲ ಇಬ್ಬರು ಮೂವರು ಓದಿ, ಎಲ್ಲಿ ಸಡಿಲ ಇದೆ, ಯಾವುದಕ್ಕೆ ಆಧಾರ ಸಾಲದು ಅಂತ ಹೇಳುತ್ತಾರೆ. ಹಾಕುವುದೋ ಬಿಡುವುದೋ ಸಂಪಾದಕರಿಗೆ ಬಿಟ್ಟದ್ದು. ಪ್ರಯೋಗವನ್ನು ಮತ್ತೆ ಮಾಡಿ ನೋಡುವುದು ಪೀರ್‌ಗಳ ಕೆಲಸವಲ್ಲ. ಲ್ಯಾನ್ಸೆಟ್‌ನಂಥ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲೇ 2020ರ ಮೇ 22ರಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಔಷಧದ ಬಗ್ಗೆ 96,032 ಕೋವಿಡ್ ರೋಗಿಗಳ ಲೆಕ್ಕದ ಲೇಖನ ಬಂತು. ಪೀರ್ ರಿವ್ಯೂ ಆಗಿತ್ತು. ಆದರೆ ಹೊರಗಿನವರು ಪರೀಕ್ಷಿಸಲು ಮೂಲ ಮಾಹಿತಿ ಕೇಳಿದಾಗ ಅದನ್ನು ಒದಗಿಸಿದ್ದ ಕಂಪನಿ ಕೊಡಲಿಲ್ಲ. ಜೂನ್ 4ಕ್ಕೆ ನಾಲ್ವರು ಲೇಖಕರಲ್ಲಿ ಮೂವರು ಲೇಖನ ಹಿಂತೆಗೆದುಕೊಂಡರು.

ಆ ಕರೆಯಲ್ಲಿದ್ದ ಐಎಸ್‌ಎಸ್‌ಎನ್‌ಗೂ ಪೀರ್ ರಿವ್ಯೂಗೂ ಸಂಬಂಧವೇ ಇಲ್ಲ. ಅದು ಪತ್ರಿಕೆಯನ್ನು ಗುರುತಿಸಲು ಕೊಡುವ ಎಂಟು ಅಂಕಿಯ ಸಂಖ್ಯೆ, ಅಷ್ಟೇ.

ಪೀರ್ ರಿವ್ಯೂಗೆ ಕನ್ನಡದಲ್ಲಿ 'ತಜ್ಞರ ವಿಮರ್ಶೆ' ಅಂತ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ತಜ್ಞರು ಎಂದ ಕೂಡಲೇ ಅವರು ಮೇಲೆ, ನಾವು ಕೆಳಗೆ ಅನ್ನಿಸುತ್ತದೆ. ಓರಗೆಯವರು ಅಂದರೆ ವಯಸ್ಸು ಮುಂದೆ ಬರುತ್ತದೆ. 'ಸರೀಕರು' ಎಷ್ಟು ಚೆನ್ನಾಗಿದೆ ನೋಡಿ. ಸರೀಕರ ಮುಂದೆ ತಲೆ ತಗ್ಗಿಸುವ ಹಾಗಾಗಬಾರದು ಅಂತ ಮನೆಯಲ್ಲಿ ಹೇಳುತ್ತಾರಲ್ವಾ? ಲೇಖನ ಕಳಿಸುವವರಿಗೆ ಇರಬೇಕಾದ ಅಳುಕು ಅದೇ. ಸರೀಕರ ಪರಿಶೀಲನೆ ಅನ್ನೋಣ.

ಸರೀಕರಿಗೂ ಕಟ್ಟುಪಾಡುಗಳಿವೆ. ಓದಿದ್ದನ್ನು ಹೊರಗೆ ಬಿಡಬಾರದು. ಲೇಖಕರ ಜೊತೆ ನಂಟಿದ್ದರೆ, ಪೈಪೋಟಿಯಿದ್ದರೆ, ಮೊದಲೇ ಹೇಳಿ ಹಿಂದೆ ಸರಿಯಬೇಕು. ಇದನ್ನು ಮುರಿಯುವುದು ಬರೀ ಸಣ್ಣ ಪತ್ರಿಕೆಗಳಲ್ಲಿ ಅಂತ ತಿಳಿಯಬೇಡಿ. 2017ರಲ್ಲಿ ಸ್ಪ್ರಿಂಗರ್ ಪ್ರಕಾಶನ ಸಂಸ್ಥೆ 'ಟ್ಯೂಮರ್ ಬಯಾಲಜಿ' ಎಂಬ ಕ್ಯಾನ್ಸರ್ ಸಂಶೋಧನಾ ಪತ್ರಿಕೆಯ 107 ಲೇಖನಗಳನ್ನು ಒಟ್ಟಿಗೆ ಹಿಂಪಡೆಯಿತು. ನಿಜವಾದ ವಿಜ್ಞಾನಿಗಳ ಹೆಸರಿಗೆ ಸುಳ್ಳು ಈಮೇಲ್ ವಿಳಾಸ ಸೇರಿಸಿ, ಪರಿಶೀಲನೆಯ ವರದಿಗಳನ್ನೇ ಕಟ್ಟಿದ್ದರು.

ಇನ್ನು ಮೂರು ದಿನದ ಕರೆ ಬಂದರೆ ಅಲ್ಲಿ ಹಿಂದೆ ಬರೆದವರನ್ನು ಒಂದು ಮಾತು ಕೇಳಿ: ತಿದ್ದಲು ಏನೇನು ಹೇಳಿದ್ದರು?